ನಾಲ್ಕನೇ ಸಾಲು

ಬುಸೆಲೆ, ಜುಲೈ ಮೂವತ್ತೆರಡು, ೨೧೫೧

ಹುಬ್ಬಳ್ಳಿಯ ಪತ್ರಿಕಾ ಕಚೇರಿಯಲ್ಲಿ ವಿದೇಶ ಪುಟ ನೋಡಿಕೊಳ್ಳುವ ರುದ್ರಪ್ಪಜ್ಜನಿಗೆ ಶರಣು.

ತಾರೀಖು ನೋಡಿ ಕೆಂಪು ಪೆನ್ನು ತೆಗೆಯಬೇಡಿ, ಅಜ್ಜ. ಅದು ಅಚ್ಚಿನ ತಪ್ಪಲ್ಲ. ನಮ್ಮ ಕಾಲದಲ್ಲಿ ಜುಲೈ ಮುಗಿದ ಮೇಲೆ ಒಂದು ದಿನವನ್ನು ಯಾವ ತಿಂಗಳಿಗೂ ಸೇರಿಸದೆ, ಕೈಯಾರೆ ಕಾಗದ ಬರೆಯಲೆಂದೇ ಬಿಟ್ಟಿರುತ್ತೇವೆ. ನಾನು ನಿಮ್ಮ ಐದನೇ ತಲೆಮಾರಿನವಳು, ನೀಲಗಂಗಾ. ಮದುವೆಯಾಗಿ ವಿಕ್ಟೋರಿಯಾ ಸರೋವರದ ದಂಡೆಯ ಈ ಊರಿಗೆ ಬಂದು ಹನ್ನೊಂದು ವರ್ಷವಾಯಿತು. ಹಗಲೆಲ್ಲ ಸ್ವಾಹಿಲಿ ಆಡುವ ನಾಲಿಗೆ ಇದು. ಮಾತು ವಿಚಿತ್ರವಾಗಿ ಕೇಳಿಸಿದರೆ ಹೊಟ್ಟೆಗೆ ಹಾಕಿಕೊಳ್ಳಿ.

ನನ್ನ ಮದುವೆಗೆ ಕಾರಣ ಸುದ್ದಿಬೀಗತನ. ಈ ಪದ ನಿಮಗೆ ಹೊಸದು. ದೂರದ ಎರಡು ಊರುಗಳು ಪರಸ್ಪರರ ದಿನನಿತ್ಯದ ಸುದ್ದಿಯನ್ನು ತಮ್ಮ ಮನೆಯದೆಂಬಂತೆ ಅಚ್ಚು ಹಾಕುವುದಕ್ಕೆ ನಾವು ಹಾಗೆನ್ನುತ್ತೇವೆ. ಹುಬ್ಬಳ್ಳಿಗೂ ಬುಸೆಲೆಗೂ ಅಂಥ ಬೀಗತನ ಕುದುರಿ ಅರವತ್ತು ವರ್ಷವಾಗಿದೆ. ಇಲ್ಲಿ ಒಣಗಲು ಹಾಕಿದ ಸಣ್ಣ ಮೀನು ಮಳೆಗೆ ನೆನೆದರೆ ಹುಬ್ಬಳ್ಳಿಯವರು ಚಹಾ ಕುಡಿಯುತ್ತ ಲೊಚಗುಟ್ಟುತ್ತಾರೆ. ಅಲ್ಲಿ ಗಿರ್ಮಿಟ್ಟಿಗೆ ಈರುಳ್ಳಿ ಕಡಿಮೆ ಹಾಕುತ್ತಿದ್ದಾರೆಂದು ಇಲ್ಲಿಯ ಹೆಂಗಸರು, ಜನ್ಮದಲ್ಲಿ ಗಿರ್ಮಿಟ್ಟು ತಿಂದಿರದವರು, ನನ್ನನ್ನು ತರಾಟೆಗೆ ತೆಗೆದುಕೊಳ್ಳುತ್ತಾರೆ. ಶಾಲೆಯ ಫಲಿತಾಂಶ, ಫುಟ್‌ಬಾಲ್ ಜಗಳ, ಯಾರದೋ ಮೇಕೆ ಕಳೆದು ಸಿಕ್ಕಿದ್ದು, ಎಲ್ಲವೂ ಬರುತ್ತದೆ. ಒಂದೇ ಒಂದು ಕಟ್ಟುಪಾಡು ಇದೆ. ಬೀಗರ ಊರಿನ ಸಾವಿನ ಸುದ್ದಿ ಹಾಕುವುದಾದರೆ, ಬದುಕಿಸಲು ಓಡಾಡಿದವರ ಹೆಸರನ್ನೂ ಜೊತೆಗೇ ಹಾಕಬೇಕು. ಈ ಕಟ್ಟುಪಾಡು ಯಾಕೆ ಬಂತೆಂದು ಹೇಳಲಿಕ್ಕೇ ನಿಮಗೆ ಬರೆಯುತ್ತಿದ್ದೇನೆ.

ನಿಮ್ಮ ಪತ್ರಿಕೆಯ ಒಂದು ಹಾಳೆ ನನ್ನ ಮುಂದಿದೆ. ನಿಮ್ಮ ಕಾಲದ ಕಂಪ್ಯೂಟರುಗಳಲ್ಲಿ ಇಟ್ಟದ್ದೆಲ್ಲ ಹಾಳಾಯಿತು. ಕಾಗದಕ್ಕೆ ಇಳಿದದ್ದಷ್ಟೇ ಉಳಿಯಿತು. ಬಲಗಡೆ ಕೆಳಮೂಲೆಯಲ್ಲಿ ನೀವು ಹಾಕಿದ ಮೂರು ಸಾಲುಗಳಿವೆ. 'ಆಫ್ರಿಕಾ: ಸರೋವರದಲ್ಲಿ ಪ್ರಯಾಣಿಕರ ದೋಣಿ ಮುಳುಗಿ ೩೧ ಸಾವು. ಮಿತಿಮೀರಿ ಜನ ತುಂಬಿದ್ದೇ ಕಾರಣ ಎನ್ನಲಾಗಿದೆ.' ಅಷ್ಟೇ. ಯಾವ ದೇಶ, ಯಾವ ಊರು, ಒಂದೂ ಇಲ್ಲ. ಕಾರವಾರದಲ್ಲಿ ದೋಣಿ ಮುಳುಗಿದರೆ 'ಏಷ್ಯಾ' ಎಂದು ಬರೆಯುತ್ತೀರಾ, ಅಜ್ಜ? ಪಕ್ಕದಲ್ಲೇ ಯುರೋಪಿನ ಬೆಕ್ಕೊಂದು ತಾನೇ ರೈಲು ಹತ್ತಿ ಮೂರನೇ ಸ್ಟೇಷನ್ನಿನಲ್ಲಿ ಇಳಿದ ಸುದ್ದಿ, ಹದಿನಾಲ್ಕು ಸಾಲು. ಬೆಕ್ಕಿನ ಹೆಸರು ಒಟ್ಟೋ. ನೂರಿಪ್ಪತ್ತು ವರ್ಷದ ಮೇಲೂ ಒಟ್ಟೋನ ಹೆಸರು ನನಗೆ ಗೊತ್ತಿದೆ, ಅದಕ್ಕೇ ಸಿಟ್ಟು ಬರುತ್ತದೆ.

ಆ ದೋಣಿ ಮುಳುಗಿದ್ದು ಬುಸೆಲೆಯ ಮುಂದೆ. ಮೀನು ಒಣಗಿಸಲು ಯಾವುದೋ ದ್ವೀಪದಿಂದ ಬಂದಿದ್ದ ಏಳು ಹೆಂಗಸರು ತಮ್ಮ ಪುಟ್ಟ ದೋಣಿಗಳನ್ನು ನೂಕಿಕೊಂಡು ಹೋಗಿ ಅರವತ್ತನಾಲ್ಕು ಜನರನ್ನು ದಡ ಮುಟ್ಟಿಸಿದರು. ನೀಲಿ ಬಟ್ಟೆ ಉಟ್ಟಿದ್ದ ಒಬ್ಬಳು ಎಂಟು ತಿಂಗಳ ಕೂಸನ್ನು ನೀರಿನಿಂದ ಎತ್ತಿ, ದಡದಲ್ಲಿದ್ದವರ ಮಡಿಲಿಗೆ ಹಾಕಿ, ಮತ್ತೆ ನೀರಿಗೆ ತಿರುಗಿದಳು. ಮೀನಿನ ಕಾಲ ಮುಗಿದು ಅವರೆಲ್ಲ ಹೊರಟುಹೋದರು. ಆ ಕೂಸು ನನ್ನ ಅತ್ತೆ ನ್ಯಾಮಿಜಿಯ ಅಜ್ಜಿ. ಅತ್ತೆಗೆ ಈಗ ಎಂಬತ್ತು. ಮುಂದಿನ ತಿಂಗಳು ನನಗೆ ಹೆರಿಗೆ, ಹೆಣ್ಣುಮಗು. ಉಪಕಾರ ಮಾಡಿದವರ ಹೆಸರನ್ನು ಮಗುವಿಗೆ ಇಡುವುದು ಈ ಮನೆಯ ಪದ್ಧತಿ. ನೀಲಿ ಬಟ್ಟೆಯವಳ ಹೆಸರಿಗಾಗಿ ಅತ್ತೆ ದ್ವೀಪ ದ್ವೀಪ ಅಲೆದು ಬರಿಗೈಯಲ್ಲಿ ಬಂದಿದ್ದಾರೆ. ಮೊನ್ನೆ ನನ್ನ ಹೊಟ್ಟೆಯ ಮೇಲೆ ಕೈಯಿಟ್ಟು ಹೇಳಿದರು: "ಅವಳು ಕೈ ಚಾಚದಿದ್ದರೆ ನಾನೂ ಇಲ್ಲ, ನಿನ್ನ ಗಂಡನೂ ಇಲ್ಲ. ಯಾರ ಹೆಸರು ಹಿಡಿದು ನೆನೆಯಲಿ ಹೇಳು?"

ನಾನು ತಲೆ ತಗ್ಗಿಸಿದೆ. ಯಾಕೆಂದರೆ ನೀವಿನ್ನೂ ಆಡದ ಒಂದು ಮಾತು ನಮ್ಮ ಮನೆಯಲ್ಲಿ ಉಳಿದಿದೆ. ಮುಂದೆ ಮುಪ್ಪಿನಲ್ಲಿ, ಊಟದ ತಟ್ಟೆಯ ಮುಂದೆ ಕೂತು, ನಿಮ್ಮ ಹೆಂಡತಿ ಪಾರವ್ವಜ್ಜಿಗೆ ನೀವು ಮತ್ತೆ ಮತ್ತೆ ಹೇಳಲಿದ್ದೀರಿ: "ಆ ಹೆಣ್ಮಕ್ಕಳ ಹೆಸರೆಲ್ಲಾ ಬಂದಿದ್ವು, ಜಾಗಾ ಸಾಲಲಿಲ್ಲ ನೋಡು." ಒಂದು ಹೆಸರಾದರೂ ನೆನಪಿದೆಯೇ ಎಂದು ಅಜ್ಜಿ ಕೇಳಿದರೆ ಅನ್ನ ಕಲಸುತ್ತಲೇ ಇರುತ್ತೀರಂತೆ.

ನಿಮ್ಮ ಮೇಲೆ ದೂರಿಲ್ಲ, ಅಜ್ಜ. ಒಂದು ಸಂಜೆಯಲ್ಲಿ ಇಡೀ ಲೋಕವನ್ನು ಒಂದೇ ಪುಟಕ್ಕೆ ಹಿಡಿಸಬೇಕು, ಅದರಲ್ಲೂ ಅರ್ಧ ಸೀರೆ ಅಂಗಡಿಯ ಜಾಹೀರಾತಿಗೆ ಬಿಡಬೇಕು. ನೀವು ಕೆಟ್ಟವರಾಗಿದ್ದರೆ ಮುಪ್ಪಿನವರೆಗೆ ಅದು ನಿಮ್ಮನ್ನು ಕಾಡುತ್ತಿರಲಿಲ್ಲ. ನಿಮ್ಮ ಆ ಕೊರಗು ಕೇಳಿ ಬೆಳೆದವರೇ ಮುಂದೆ ಸುದ್ದಿಬೀಗತನದ ಮೊದಲ ಕಾಗದ ಬರೆದರು. ನಿಮ್ಮನ್ನು ಕಂಡರೆ ನನಗೆ ತುಂಬ ಪ್ರೀತಿ.

ಈ ಕಾಗದ ನಿಮಗೆ ಹೇಗೆ ಮುಟ್ಟುತ್ತದೋ ನಾನರಿಯೆ. ಮುಟ್ಟಿದ್ದೇ ಆದರೆ, ಈ ಸಂಜೆ ನಿಮ್ಮ ಮೇಜಿನ ಮೇಲೆ ಆ ಸುದ್ದಿ ಹೆಸರುಗಳ ಸಮೇತ ಪೂರ್ತಿಯಾಗಿ, ಇನ್ನೂ ಅಚ್ಚಾಗದೆ ಬಿದ್ದಿದೆ. ಒಟ್ಟೋನನ್ನು ಒಂದು ಸ್ಟೇಷನ್ ಮೊದಲೇ ಇಳಿಸಿಬಿಡಿ. ಒಂದು ಸಾಲಿನ ಜಾಗ ಸಿಗುತ್ತದೆ. ಏಳು ಹೆಸರು ಹಿಡಿಸದಿದ್ದರೆ ಕೂಸನ್ನು ಎತ್ತಿದವಳದ್ದು ಒಂದನ್ನೇ ಹಾಕಿ.

ದಿನಾ ಬೆಳಿಗ್ಗೆ ಅತ್ತೆಯೂ ನಾನೂ ಆ ಹಾಳೆಯನ್ನು ಬಿಡಿಸಿ ನೋಡುತ್ತೇವೆ. ಇವತ್ತೂ ಮೂರೇ ಸಾಲು ಇದ್ದವು. ನಾಳೆಯೂ ನೋಡುತ್ತೇವೆ. ಒಳಗಿರುವವಳು ಒದೆಯುತ್ತಿದ್ದಾಳೆ, ಅಜ್ಜ, ಅವಳನ್ನು ಕರೆಯಲು ನಮ್ಮ ಹತ್ತಿರ ಹೆಸರಿಲ್ಲ.

ನಿಮ್ಮ ನೀಲಗಂಗಾ