ಕಂಬದ ಹತ್ತಿರ ನಿಂತವರು

ಬೈಲಹೊಂಗಲ

ಅಭಿಜಿತ,

"ದೊಡ್ಡ ಸೆನ್ಸರಿನ ಕ್ಯಾಮೆರಾ ಇಲ್ಲಂದ್ರ ಸ್ಟುಡಿಯೋ ಮುಚ್ಚೂದ ಛಲೋ" ಎಂದೋ ಏನೋ ಅಂದಿದ್ದೆಯಲ್ಲ. ಸವದತ್ತಿಯಲ್ಲಿ ನಿನ್ನ ಹೊಸ ಕ್ಯಾಮೆರಾದಿಂದ ತೆಗೆದ, ನಿನ್ನ ತಂಗಿ ವರದಾಳ ಮದುವೆಯ ಅಕ್ಷತೆಯ ಫೋಟೋ ನೋಡಿದೆ. ಅವಳ ರೆಪ್ಪೆಗೂದಲೂ ಸ್ಪಷ್ಟ, ಹಿಂದೆಲ್ಲ ಮಂಜು. ಹಾಗೆ ಮಂಜಾಗುವುದೇ ಅದರ ಹೆಚ್ಚುಗಾರಿಕೆ ಎನ್ನುತ್ತೀ.

ವಿಧವೆ ಮುಂದೆ ಬರಬಾರದೆಂದು ನಿಮ್ಮ ಅವ್ವ, "ನಾ ಇಲ್ಲೇ ಇರತೇನಿ, ನೀವು ತಗೀರಿ" ಎಂದು ಹಿಂದೆ ಕಂಬದ ಹತ್ತಿರವೇ ನಿಂತಿದ್ದರು. ನನ್ನ ಹಳೆಯ ಸಣ್ಣ ಸೆನ್ಸರಿನ ಕ್ಯಾಮೆರಾದ ಫೋಟೋ ಕಾಳುಕಾಳಾಗಿದೆ, ಆದರೆ ಅವರು ಸೆರಗು ಬಾಯಿಗೆ ಹಿಡಿದು ನಕ್ಕದ್ದು ಕಾಣುತ್ತದೆ. ಆಲ್ಬಮ್ಮಿಗೆ ಅದನ್ನೇ ಹಾಕಿದ್ದೇನೆ.

ನಾನು ಹೊಸದು ಕೊಳ್ಳುವುದಿಲ್ಲ. ಪಾಲುದಾರಿಕೆ ಬಿಡುವುದಾದರೆ ಸ್ಟುಡಿಯೋದ ಬೀಗದ ಕೈ ಕಳಿಸು.

"ಅವ್ವ ಎಲ್ಲಿ?" ಎಂದು ವರದಾ ಕೇಳಿದರೆ, ನಿನ್ನ ಫೋಟೋದಲ್ಲಿ ಎಲ್ಲಿ ಬೆರಳಿಡುತ್ತೀ?

ಕಲ್ಮೇಶ