ಎರಡನೆಯ ಅಡುಗೆಮನೆ

ಜುಲೈ 3, 2006. ಸೋಮವಾರ. ಬೆಳಿಗ್ಗೆ 6.40

ಬಿಸಿನೀರಿಗೆ ಮತ್ತೆ ಜಗಳ. ಒಂದು ಗೀಸರ್, ಐದು ಹುಡುಗಿಯರು. ಮಹಡಿಯ ಎರಡು ರೂಮುಗಳನ್ನು ಪೇಯಿಂಗ್ ಗೆಸ್ಟ್‌ಗಳಿಗೆ ಕೊಟ್ಟು ಮೂರು ವರ್ಷವಾಯಿತು. ಅಂದಿನಿಂದ ನನಗೆ ತಣ್ಣೀರು. ಗಂಡಸರಿಗೆ ಅದೇ ಒಳ್ಳೆಯದು ಎನ್ನುತ್ತಾಳೆ ಕೋಕಿಲಾ. ಯಾವ ಡಾಕ್ಟರು ಹೇಳಿದರೋ, ಹೆಂಡತಿಯನ್ನು ಕೇಳುವ ಹಾಗಿಲ್ಲ.

ಸಂಜೆ

ವಾರ್ಡ್ ಆಫೀಸಿನಿಂದ ನೋಟೀಸು. ಮನೆಯಲ್ಲಿ ಹೊರಗಿನವರನ್ನು ಇಟ್ಟುಕೊಂಡಿದ್ದೀರಿ, ಲೈಸೆನ್ಸ್ ಇದೆಯೇ ಎಂದು. ಮೂರು ಸಲ ಓದಿದೆ. ಅಂಗಡಿಗೆ ಲೈಸೆನ್ಸು ಸರಿ, ಮನೆಗೂ ಬೇಕೇ? ಎದುರುಮನೆ ಶೀನಣ್ಣನ ಪ್ರಕಾರ ಬೇಕಿಲ್ಲ. ಸಂಪಿಗೆ ರಸ್ತೆಯ ಜೆರಾಕ್ಸ್ ಅಂಗಡಿಯವನ ಪ್ರಕಾರ ಬೇಕೇ ಬೇಕು, ಇಲ್ಲದಿದ್ದರೆ ಬೀಗ ಹಾಕುತ್ತಾರೆ. ಇಬ್ಬರೂ ಕಣ್ಣಾರೆ ಕಂಡವರ ಹಾಗೆ ಹೇಳುತ್ತಾರೆ.

ಜುಲೈ 5, ಬುಧವಾರ

ಸ್ಕೂಲಿಗೆ ಅರ್ಧ ದಿನ ರಜೆ ಹಾಕಿ ಆಫೀಸಿಗೆ ಹೋದೆ. ಇನ್ಸ್‌ಪೆಕ್ಟರ್ ರಾಮಸ್ವಾಮಿ. ಒಳ್ಳೆಯ ಮನುಷ್ಯ. ಅದೇ ಕಷ್ಟ, ಬಯ್ಯಲೂ ಆಗುವುದಿಲ್ಲ. ಹೊರಗಿನವರು ಐದು ಜನರವರೆಗೆ ಇದ್ದರೆ ಹೆಸರು ಬರೆದುಕೊಟ್ಟರೆ ಸಾಕಂತೆ. ಆರಾದರೆ ಹಾಸ್ಟೆಲ್. ಹಾಸ್ಟೆಲ್ ಆದರೆ ಇನ್ನೊಂದು ಮೆಟ್ಟಿಲು ಇರಲೇಬೇಕು. ನಮಗೆ ಎರಡೂ ಪಕ್ಕದಲ್ಲಿ ಮನೆಗಳು ಅಂಟಿಕೊಂಡಿವೆ, ಮೆಟ್ಟಿಲನ್ನು ಆಕಾಶದಿಂದ ಇಳಿಸಬೇಕು. ಇರಲಿ, ನಮ್ಮವರು ಐದೇ.

ಐವರ ಹೆಸರು ಅಲ್ಲೇ ಬರೆದೆ. ಮನೆಯ ನಕ್ಷೆಯನ್ನೂ ಸ್ಕೇಲ್ ಹಿಡಿದು ಎಳೆದೆ. ನಡುಮನೆಯ ಪಕ್ಕ ಅಡುಗೆಮನೆ 1. ಹಿತ್ತಲ ಕಡೆ ಅಡುಗೆಮನೆ 2, ಅಮ್ಮನದು. ಅಪ್ಪ ಹೋದಾಗಿನಿಂದ, ನಲವತ್ತು ವರ್ಷ, ಅಮ್ಮ ಮಡಿಯಲ್ಲಿ ತಾನೇ ಬೇಯಿಸಿಕೊಂಡು ಉಣ್ಣುವವಳು. ನಮ್ಮ ಅಡುಗೆಮನೆಯ ನೀರೂ ಆಗದು. ನಕ್ಷೆ ಬಹಳ ಚೊಕ್ಕಟವಾಗಿದೆ ಎಂದು ರಾಮಸ್ವಾಮಿ ಹೊಗಳಿದರು. ಲೆಕ್ಕದ ಮೇಷ್ಟ್ರಲ್ಲವೇ ನಾನು.

ಜುಲೈ 10, ಸೋಮವಾರ

ಫಾರಂ ವಾಪಸ್. ಮೇಲೆ ಕೆಂಪು ಇಂಕಿನಲ್ಲಿ — ಹೊರಗಿನವರು ಆರು ಜನ. ಆರನೆಯವರು ಯಾರೆಂದು ರಾಮಸ್ವಾಮಿಯನ್ನು ಕೇಳಿದರೆ, ಅಮ್ಮನಂತೆ. ಬೇರೆ ಅಡುಗೆಮನೆ ಇದ್ದರೆ ಬೇರೆ ಸಂಸಾರ. ಹಾಗಾದರೆ ನಮ್ಮ ಅಡುಗೆಯನ್ನೇ ಉಣ್ಣುವ ಐವರು ನಮ್ಮ ಸಂಸಾರವೇ ಅಂದೆ. ಅವರು ಬಾಡಿಗೆ ಕೊಡುತ್ತಾರೆ, ಆದ್ದರಿಂದ ಹೊರಗಿನವರು. ಅಮ್ಮ ಬಾಡಿಗೆ ಕೊಡುವುದಿಲ್ಲ. ಆದರೂ ಹೊರಗಿನವಳು. ತಲೆ ತಿರುಗಿತು. ಮಡಿ ಎಂದರೇನೆಂದು ಹತ್ತು ನಿಮಿಷ ವಿವರಿಸಿದೆ.

"ನಂಗೂ ಗೊತ್ತು ಸಾರ್, ನಮ್ಮಜ್ಜೀನೂ ಹಂಗೇ ಇದ್ರು. ಆದ್ರೆ ಫಾರಂನಲ್ಲಿ ಮಡಿ ಅನ್ನೋ ಕಾಲಂ ಇಲ್ಲ," ಅಂದರು.

ಹತ್ತೊಂಬತ್ತಕ್ಕೆ ಮನೆ ನೋಡಲು ಬರುತ್ತಾರೆ. ಅಷ್ಟರಲ್ಲಿ ಒಂದು ಒಲೆ ಹೋಗಬೇಕು, ಇಲ್ಲವೇ ಒಬ್ಬ ಹುಡುಗಿ. ಮೂವತ್ತು ವರ್ಷ ಊರ ಮಕ್ಕಳಿಗೆಲ್ಲ ಲೆಕ್ಕ ಹೇಳಿಕೊಟ್ಟೆ. ನನ್ನ ಮನೆಯಲ್ಲಿ ಎಷ್ಟು ಜನ ಎಂದು ಎಣಿಸಲು ಬರುತ್ತಿಲ್ಲ.

ಜುಲೈ 11

ಎಪ್ಪತ್ತೆಂಟು ವರ್ಷದವಳಿಗೆ ಒಲೆ ಆರಿಸು ಎಂದು ಹೇಳುವುದು ಹೇಗೆ? ನನಗೂ ಧೈರ್ಯವಿಲ್ಲ, ಕೋಕಿಲಾಗೂ ಇಲ್ಲ. ಪಟ್ಟಿಯಲ್ಲಿ ಕೊನೆಯವಳನ್ನು ಕಳಿಸಿಬಿಡೋಣ ಎಂದಳು.

ಕೊನೆಯ ಹೆಸರು ಮೋನಿಷಾ. ಬಿನ್ನಿಪೇಟೆಯವಳು. ಅಲ್ಲಿ ಒಂದೇ ಕೋಣೆಯಲ್ಲಿ ಏಳು ಜನ, ಓದಲಾಗುವುದಿಲ್ಲವೆಂದು ಇಲ್ಲಿಗೆ ಬಂದಿದ್ದಾಳೆ. ಆಗಸ್ಟ್ ಆರಕ್ಕೆ ಸರ್ಕಾರಿ ಕೆಲಸದ ಪರೀಕ್ಷೆ. ವಯಸ್ಸು ಮೀರುತ್ತದೆ, ಇದೇ ಕೊನೆಯ ಸಲ. ಅವಳ ತಂದೆ ದಾಸಪ್ಪ, ಮಿಲ್ಲಿನಲ್ಲಿದ್ದವರು, ಬಿಡಲು ಬಂದಾಗ ಬಾಗಿಲಲ್ಲೇ ನಿಂತರು. "ನಾವು ಎಸ್ಸಿ ಸಾರ್, ಬೌದ್ಧರು. ಆಮೇಲೆ ಗೊತ್ತಾಗಿ ಕಳ್ಸೋದು ಬೇಡ, ಈಗ್ಲೇ ಹೇಳ್ಬಿಡ್ತೀನಿ."

ಅದೆಲ್ಲ ನಮ್ಮಲ್ಲಿಲ್ಲ, ಒಳಗೆ ಬನ್ನಿ ಎಂದು ದೊಡ್ಡ ಗಂಟಲಲ್ಲಿ ಹೇಳಿದೆ. ಅಮ್ಮನಿಗೆ ಮಾತ್ರ ಹೇಳಲಿಲ್ಲ.

ಜುಲೈ 12, ಬುಧವಾರ

ಮೋನಿಷಾಗೆ ಹೇಳಿದೆ. ರೂಲ್ಸು, ಮೆಟ್ಟಿಲು, ಐದು, ಆರು... ಪಟ್ಟಿ ತೋರಿಸಿ ಅಂದಳು. ಓದಿದಳು.

"ನಾನು ಜನವರೀಲಿ ಬಂದೆ ಸಾರ್. ಆರಾಧನಾ ಬಂದಿದ್ದು ಜೂನ್‌ನಲ್ಲಿ. ನನ್ನ ಹೆಸರು ಯಾಕೆ ಕೊನೇಲಿದೆ?"

ಅಕ್ಷರ ಕ್ರಮವಲ್ಲ. ರೂಮಿನ ಕ್ರಮವೂ ಅಲ್ಲ. ಬರೆದವನು ನಾನೇ. ಯೋಚಿಸಿ ಬರೆದಿದ್ದರೆ ಏನಾದರೂ ಉತ್ತರ ಇರುತ್ತಿತ್ತು. ಯೋಚಿಸದೆ ಬರೆದೆ, ಕೈ ತಾನಾಗಿ ಬರೆಯಿತು. ಅದು ಇನ್ನೂ ಕೆಟ್ಟದ್ದೋ ಏನೋ. ಬಹಳ ನಾಚಿಕೆಯಾಯಿತು. ನೋಡೋಣಮ್ಮ ಎಂದು ಎದ್ದುಬಿಟ್ಟೆ.

ಜುಲೈ 19, ಬುಧವಾರ. ಮಧ್ಯಾಹ್ನ

ಒಂದು ವಾರ ಬರೆಯಲಿಲ್ಲ. ಏನೂ ಮಾಡಲೂ ಇಲ್ಲ. ಮೋನಿಷಾ ಮೆಟ್ಟಿಲಿಳಿದರೆ ಪೇಪರ್ ಅಡ್ಡ ಹಿಡಿಯುತ್ತಿದ್ದೆ.

ಹತ್ತೂವರೆಗೆ ರಾಮಸ್ವಾಮಿ ಬಂದರು. ಹಿತ್ತಲ ಕೋಣೆ ತೋರಿಸಲು ಹೋದರೆ ಒಲೆಯೇ ಇಲ್ಲ. ಪಾತ್ರೆಗಳು ತೊಳೆದು ಕವುಚಿಟ್ಟಿವೆ. ಅಮ್ಮ ನಮ್ಮ ಅಡುಗೆಮನೆಯಲ್ಲಿ ಕೂತು, ಕೋಕಿಲಾ ಈರುಳ್ಳಿ ಹಾಕದೆ ಮಾಡಿದ ಉಪ್ಪಿಟ್ಟು ತಿನ್ನುತ್ತಿದ್ದಾಳೆ. ರಾಮಸ್ವಾಮಿ ಐದು ಎಂದು ಬರೆದು, ಸಹಿ ಹಾಕಿಸಿಕೊಂಡು ಹೋದರು.

ಶೀನಣ್ಣ ಅಮ್ಮನಿಗೆ ಎಲ್ಲ ಹೇಳಿಬಿಟ್ಟಿದ್ದನಂತೆ. ಯಾಕಮ್ಮ ಅಂದೆ.

"ನನ್ನ ಮನೇಲಿ ನಾನು ಹೊರಗಿನವಳಾ? ಆ ಹುಡುಗೀನ ಕಳ್ಸಿ ನಾನೊಬ್ಳೇ ಬೇಯ್ಸ್ಕೊಂಡ್ ತಿಂದ್ರೆ ಗಂಟಲಲ್ಲಿ ಇಳಿಯತ್ತಾ?"

ಎರಡರಲ್ಲಿ ಯಾವುದು ನಿಜವಾದ ಕಾರಣ, ತಿಳಿಯಲಿಲ್ಲ. ಮೋನಿಷಾ ಯಾರೆಂದು ಗೊತ್ತೇ ಎಂದು ಮೆಲ್ಲಗೆ ಕೇಳಿದೆ. ಬಂದ ವಾರವೇ ಅಮ್ಮ ವಿಚಾರಿಸಿದ್ದಳಂತೆ, ಅವಳೂ ಮುಚ್ಚುಮರೆಯಿಲ್ಲದೆ ಹೇಳಿದಳಂತೆ. ಎರಡು ದಿನ ಅಮ್ಮ ಮಾತು ಬಿಟ್ಟಿದ್ದಳಂತೆ, ಆಮೇಲೆ ತನಗೆ ಪೇಪರ್ ಓದಿ ಹೇಳಲು ಯಾರೂ ಇಲ್ಲವೆಂದು ಕರೆದಳಂತೆ. ನಾನು ಏಳು ತಿಂಗಳು ಯಾರಿಂದ ಯಾರನ್ನು ಕಾಪಾಡುತ್ತಿದ್ದೆ?

ಸಂಜೆ 7.30

ಇನ್ನು ಹೋಗಬೇಕಾಗಿಲ್ಲ ಎಂದು ಹೇಳಲು ಮಹಡಿಗೆ ಹೋದೆ. ಮೋನಿಷಾಳ ಮಂಚ ಖಾಲಿ. ಟ್ರಂಕೂ ಇಲ್ಲ. ಶ್ರೀರಾಮಪುರದಲ್ಲಿ ಗೆಳತಿಯ ರೂಮಿಗೆ ಮಧ್ಯಾಹ್ನವೇ ಹೋದಳಂತೆ. ಒಲೆ ತೆಗೆದದ್ದು ತಿಳಿಯದೆ ಹೋದಳೇ ಎಂದು ಕೇಳಿದೆ. ಆರಾಧನಾ ನನ್ನ ಮುಖ ನೋಡದೆ ಹೇಳಿದಳು.

"ಗೊತ್ತಿತ್ತು ಸಾರ್. ನೀವೇನಾದ್ರೂ ಅಂತೀರೇನೋ ಅಂತ ಒಂದ್ ವಾರ ಕಾದ್ಲು."

ಕೆಳಗೆ ಬಂದೆ. ಹುಡುಗಿಯರೆಲ್ಲ ಊಟಕ್ಕೆ ಕೂತಿದ್ದಾರೆ. ಅಮ್ಮನಿಗೆ ರಾತ್ರಿ ಅನ್ನವಿಲ್ಲ, ಅವಲಕ್ಕಿ. ಆದರೂ ಅವರ ಸಾಲಿನಲ್ಲೇ ಕೂತಿದ್ದಾಳೆ, ಇದೇ ಮೊದಲ ಸಲ. ಪಕ್ಕದಲ್ಲಿ ಇನ್ನೊಂದು ತಟ್ಟೆ ಹಾಕಿಸಿಕೊಂಡು, ಆ ಹುಡುಗಿ ಬರಲಿ, ಆಮೇಲೆ ಬಡಿಸು ಎಂದು ಕೋಕಿಲಾಳನ್ನು ತಡೆದಿದ್ದಾಳೆ. ಅವಳು ಹೋದದ್ದನ್ನು ಅಮ್ಮನಿಗೆ ಯಾರೂ ಹೇಳಿಲ್ಲ. ನಾನು ಬರೆಯುವ ನೆಪದಲ್ಲಿ ರೂಮು ಸೇರಿದ್ದೇನೆ. ಅಮ್ಮ ನನ್ನ ಹೆಸರು ಹಿಡಿದು ಕೂಗುತ್ತಿದ್ದಾಳೆ.

"ವಾದೀ, ಮೋನಿಷಾನ ಕರಿಯೋ, ಅನ್ನ ಆರೋಗ್ತಿದೆ."

ಎರಡು ಸಲ ಕರೆದಾಯಿತು. ಈಗ ಎದ್ದು ಹೋಗಿ ಅಮ್ಮನಿಗೆ —