ಅಕ್ರೋಟು ಮರದ ಮಂಚ

ವಾಲ್ಯಾ ನುಕುಲೂಯ್ ಗ್ರಾಮ
ನವೆಂಬರ್ ೧೨, ೨೦೦೯

ಮೈ ಡಿಯರ್ ಎಮಿಲ್,

ನಿನ್ನ ಕಾಗದ ಬಂದಾಗ ಹಿತ್ತಲಿನ ಪ್ಲಮ್ ಮರಗಳಲ್ಲಿ ಹೂವಿತ್ತು. ಈಗ ಅವುಗಳ ಹಣ್ಣು ಸಾರಾಯಿಯಾಗಿ ಪೀಪಾಯಿ ಸೇರಿದೆ. ಉತ್ತರ ಅಷ್ಟು ತಡವಾಯಿತು. ಬೈದುಕೋ, ಇಲ್ಲಿಂದಲೇ ತಲೆ ತಗ್ಗಿಸಿದ್ದೇನೆ. ಮಂಡಿನೋವು ಹೇಗಿದೆ? ಕ್ರಯೋವಾದ ಕಾಲೇಜಿನಲ್ಲಿ ನಾವಿಬ್ಬರೂ ಉರುಹೊಡೆದ ಇಂಗ್ಲಿಷ್ ಪತ್ರ ನೆನಪಿದೆಯೇ? 'ಐ ಆಮ್ ಕ್ವೈಟ್ ವೆಲ್ ಅಂಡ್ ಹೋಪ್ ದ ಸೇಮ್...' ಮುಂದಿನದು ಮರೆತಿದೆ. ಮರೆತದ್ದೇ ಒಳ್ಳೆಯದಾಯಿತು, ಬರೆದರೆ ಸುಳ್ಳಾಗುತ್ತಿತ್ತು. ಆಗಸ್ಟಿನಲ್ಲಿ ನನ್ನ ಅಳಿಯ ಗ್ರಿಗೋರೆ ತೀರಿಕೊಂಡ.

ಅಳಿಯನಿಗೆ ಇಂಗ್ಲಿಷಿನವರು 'ಸನ್ ಇನ್ ಲಾ' ಎನ್ನುತ್ತಾರೆಂದು ಮೇಷ್ಟ್ರು ಹೇಳಿದ ದಿನ, ಮಗನನ್ನು ಪಡೆಯಲು ಪೊಲೀಸರನ್ನು ಕರೆಯಬೇಕೇ ಎಂದು ನೀನು ಹಿಂದಿನ ಬೆಂಚಿನಿಂದ ಕೇಳಿ ಬೈಸಿಕೊಂಡಿದ್ದೆ. ಗ್ರಿಗೋರೆಯ ವಿಷಯದಲ್ಲಿ ಕಾನೂನಿಗೆ ಕೆಲಸವೇ ಬೀಳಲಿಲ್ಲ. ನಮ್ಮ ಮಗಳು ರೋದಿಕಾಳನ್ನು ಕೊಡುತ್ತೀರಾ ಎಂದು ಕೇಳಲು ಬಂದವನು, ಗೇಟು ಕಿರುಗುಟ್ಟಿದ್ದನ್ನು ಕೇಳಿ, ಮೊದಲು ಅದರ ತಿರುಗಣಿಗೆ ಎಣ್ಣೆ ಬಿಟ್ಟು ಆಮೇಲೆ ಒಳಗೆ ಬಂದ. ಕಿಟಕಿಯಿಂದ ನೋಡುತ್ತಿದ್ದ ನನ್ನವಳು ಸಾಫ್ತ, ಹುಡುಗಿ ಒಲ್ಲೆ ಅಂದರೂ ಇವನನ್ನು ಹಿಂದಕ್ಕೆ ಕಳಿಸಬೇಡಿ, ದತ್ತು ತಗೊಳ್ಳೋಣ ಎಂದಿದ್ದಳು.

ಅವನ ಹತ್ತಿರ ಗರಗಸ ಕೇಳಲು ಹೋದರೆ ಗರಗಸದ ಹಿಂದೆ ಅವನೂ ಬರುತ್ತಿದ್ದ. ಸಂಜೆಗೆ ನಿನ್ನ ಮರವೂ ಕೊಯ್ದಾಗಿರುತ್ತಿತ್ತು, ಬೇಲಿಯೂ ನೆಟ್ಟಗಾಗಿರುತ್ತಿತ್ತು. ಬೆಳಿಗ್ಗೆ ತನ್ನ ಇಬ್ಬರು ಹೆಣ್ಣುಮಕ್ಕಳ ಜಡೆ ಹೆಣೆಯುವುದೂ ಅವನೇ. ಬೆರಳಿನ ಮರಗೋಂದು ಕೂದಲಿಗೆ ಹತ್ತಿ ಅವರು ಕಿರುಚಿಕೊಂಡರೆ, ಒಳ್ಳೇದೇ ಆಯ್ತು, ಮದುವೆವರೆಗೂ ಜಡೆ ಬಿಚ್ಚಲ್ಲ ಎನ್ನುತ್ತಿದ್ದ. ಸಾಫ್ತಾಳ ಕಾಲಿನ ಶಕ್ತಿ ಹೋದಾಗ ಹಳೆಯ ತಳ್ಳುಗಾಡಿಯ ಚಕ್ರಗಳನ್ನು ಕುರ್ಚಿಗೆ ಜೋಡಿಸಿ, ದಿನಾ ಮಧ್ಯಾಹ್ನ ಅವಳನ್ನು ಅಕ್ರೋಟು ಮರದ ನೆರಳಿಗೆ ಕರೆದೊಯ್ಯುತ್ತಿದ್ದ. ಕುರ್ಚಿ ಒಂದು ಕಡೆ ವಾಲುತ್ತಿತ್ತು. ಅವಳು ಅವನನ್ನು 'ನನ್ನ ಕೆಟ್ಟ ಬಡಗಿ' ಎಂದು ಕರೆಯುತ್ತಿದ್ದಳು. ಊರಲ್ಲಿ ಹಾಗೆ ಕರೆಯಲು ಅವಳೊಬ್ಬಳಿಗೇ ಹಕ್ಕಿತ್ತು.

ಈಗ ಮಂಚದ ವಿಷಯಕ್ಕೆ ಬರುತ್ತೇನೆ. ನಮ್ಮ ಕಡೆಯ ಪೊಮಾನ ನಿನಗೆ ಗೊತ್ತು, ಪಟ್ಟಣದವನು, ನಗುತ್ತೀಯ. ಸತ್ತವರ ಹೆಸರು ಹೇಳಿ, ಊಟ ಹಾಕಿ, ಇಲ್ಲಿ ಏನು ದಾನ ಕೊಡುತ್ತೇವೋ ಅದು ಅವರಿಗೆ ಅಲ್ಲಿ ಸಿಗುತ್ತದೆ, ತೆಗೆದುಕೊಂಡವನು ಇಲ್ಲಿ ಅದನ್ನು ಬಳಸಿದರೆ. ಸಾಫ್ತ ಹೋದಾಗ ಅವಳ ಬಟ್ಟೆ, ತಟ್ಟೆ, ಆ ವಾಲುವ ಕುರ್ಚಿ, ಎಲ್ಲವನ್ನೂ ಕೊಟ್ಟೆ. ಮಂಚ ಕೊಡಲಿಲ್ಲ. ಮದುವೆಯಾದಾಗಿನಿಂದ ಇಬ್ಬರೂ ಮಲಗಿದ ಮಂಚ, ಹಾಸಿಗೆಯಲ್ಲಿ ಅವಳ ಮಗ್ಗುಲು ಇನ್ನೂ ತಗ್ಗಾಗಿಯೇ ಇದೆ. ಬೇರೊಂದು ಮಂಚವನ್ನಾದರೂ ಕೊಡಿ ಎಂದರು ಪಾದ್ರಿ. ಅವಳ ಮಂಚ ಇದು, ಬೇರೆಯದು ಹೇಗೆ ಅವಳದಾಗುತ್ತದೆ ಎಂದು ಜಗಳವಾಡಿದೆ. ಪಕ್ಕದ ಮನೆ ಮಿತ್ಸಮ್ಮ ಬಾವಿಕಟ್ಟೆಯಲ್ಲಿ ಎಲ್ಲರೆದುರೇ ಹೇಳಿದಳು:

"ನೀನು ಬೆಚ್ಚಗೆ ಮಲಗಪ್ಪಾ. ಅವಳು ಅಲ್ಲಿ ಬರೀ ನೆಲದ ಮೇಲೆ ಬಿದ್ದಿರ್ಲಿ."

ಆ ಮಾತನ್ನು ಏಳು ವರ್ಷ ಹೊದ್ದುಕೊಂಡು ಮಲಗಿದ್ದೇನೆ.

ಹೋದ ವರ್ಷ ಗ್ರಿಗೋರೆಗೆ ಹೊಟ್ಟೆಯ ಕಾಯಿಲೆ ಬಂತು. ವೈದ್ಯರು ಹೇಳಿದ್ದನ್ನು ಕೇಳಿಕೊಂಡು ಬಂದವನೇ, ಬದುಕಿರುವಾಗಲೇ ನನ್ನ ಪೊಮಾನ ನಾನೇ ಮಾಡಿಕೊಳ್ಳುತ್ತೇನೆ ಎಂದ. ನಮ್ಮಲ್ಲಿ ಹಾಗೆ ಮಾಡುವವರಿದ್ದಾರೆ, ಆದರೆ ಒಂಟಿ ಮುದುಕರು. ರೋದಿಕ ಅತ್ತಳು. ಅವನು ಅವಳ ಪಕ್ಕ ಕೂತು ಕೋಸಿನ ಎಲೆಯಲ್ಲಿ ಮಾಂಸ ಸುತ್ತುತ್ತಾ, ನಾನು ಸತ್ತಮೇಲೆ ನನ್ನ ಅಣ್ಣ ಇದಕ್ಕೆ ಉಪ್ಪು ಹಾಕಿದರೆ ಬಂದವರೆಲ್ಲ ನನ್ನ ಹಿಂದೆಯೇ ಬರುತ್ತಾರೆ ಎಂದ. ಅವಳಿಗೆ ಅಳುವಿನ ನಡುವೆಯೇ ನಗು ಬಂತು.

ಸಾಫ್ತ ಕೂರುತ್ತಿದ್ದ ಅಕ್ರೋಟು ಮರ ಗಾಳಿಗೆ ಉರುಳಿತ್ತಲ್ಲ, ಅದರ ಹಲಗೆಗಳನ್ನು ಅವನು ಒಣಗಿಸಿ ಇಟ್ಟಿದ್ದ. ಕೈಯಲ್ಲಿ ಶಕ್ತಿಯಿದ್ದ ದಿನಗಳಲ್ಲಿ ಅವುಗಳಿಂದ ಒಂದು ಮಂಚ ಮಾಡಿದ. ಊಟದ ದಿನ ಅಂಗಳದಲ್ಲಿ ಮಂಚ ಹಾಕಿ, ಹಾಸಿಗೆ ಹಾಸಿ, ನನ್ನನ್ನು ಕರೆದು ಅದರ ಮೇಲೆ ಕೂರಿಸಿದ. ಅವನ ಅಣ್ಣತಮ್ಮಂದಿರನ್ನು ಬಿಟ್ಟು ನನಗೇಕೆಂದು ಎಲ್ಲರೂ ಮುಖಮುಖ ನೋಡಿಕೊಂಡರು. ಅವನಂಥ ಆರಡಿ ಆಳಿಗೆ ಮಂಚ ಗಿಡ್ಡವಾಗಿತ್ತು, ಬಹಳ ತಗ್ಗಾಗಿತ್ತು.

"ಅಲ್ಲಯ್ಯ, ಕಾಲು ಎಲ್ಲಿಡ್ತೀಯ?" ಎಂದೆ.

"ಮಡಚ್ಕೋತೀನಿ ಮಾವ. ನೀವು ಮಾತ್ರ ಇದರ ಮೇಲೇ ಮಲಗಬೇಕು. ಇಲ್ಲಾಂದ್ರೆ ದಾನ ಮುಟ್ಟಲ್ಲ."

ಆಮೇಲೆ ನನ್ನ ಕೈಗೆ ಮೋಂಬತ್ತಿ ಕೊಟ್ಟು, ಬಗ್ಗಿ, ಯಾರ ಹೆಸರಿಗೆ ಎಂಬುದನ್ನು ಮೆಲ್ಲಗೆ ಹೇಳಿದ. ನನ್ನ ಎಡಗಿವಿಯ ಕಿವುಡು ನಿನಗೆ ಗೊತ್ತೇ ಇದೆ. ಅವನ ಹೆಸರೇ ಇರಬೇಕೆಂದು 'ಬೊಗ್ದಾಪ್ರೊಸ್ತೆ, ದೇವರು ಒಪ್ಪಿಕೊಳ್ಳಲಿ' ಎಂದುಬಿಟ್ಟೆ.

ಅವನನ್ನು ಮಣ್ಣು ಮಾಡಿದ ಮೇಲೂ ನಾನು ಆ ಮಂಚದಲ್ಲಿ ಮಲಗಲಿಲ್ಲ. ಕೋಣೆಯಲ್ಲಿ ಎರಡೂ ಮಂಚ ಅಕ್ಕಪಕ್ಕ ಇದ್ದವು. ಹೊಸದರಲ್ಲಿ ಮಲಗಿದರೆ ಸಾಫ್ತಾಳ ಮಗ್ಗುಲು ಬಿಟ್ಟೆದ್ದು ಹೋದಂತೆ. ಹಳೆಯದರಲ್ಲೇ ಮಲಗಿದರೆ ಅಳಿಯ ಅಲ್ಲಿ ನೆಲದ ಮೇಲೆ. ರೋದಿಕ ದಿನಾ ಬೆಳಿಗ್ಗೆ ಹಾಲು ತಂದಿಟ್ಟು, "ಎಲ್ಲಿ ಮಲಗಿದ್ರಿ ಅಪ್ಪಾ?" ಎಂದಷ್ಟೇ ಕೇಳುತ್ತಿದ್ದಳು. ಉತ್ತರಕ್ಕೆ ಕಾಯದೆ ಪಾತ್ರೆ ತೆಗೆದುಕೊಂಡು ಹೋಗುತ್ತಿದ್ದಳು.

ಹೋದ ವಾರ ಮಿತ್ಸಮ್ಮ ಕುಂಬಳಕಾಯಿ ಕೊಡಲು ಬಂದಾಗ ತಡೆಯಲಾಗದೆ ಇದನ್ನೆಲ್ಲ ಹೇಳಿಕೊಂಡೆ. ಅವಳು ಕುಂಬಳಕಾಯಿಯನ್ನು ಅಲ್ಲೇ ನೆಲಕ್ಕಿಳಿಸಿದಳು.

"ನಿನಗೆ ಕೇಳಿಸ್ಲಿಲ್ವಾ? ನಾನು ಪಕ್ಕದಲ್ಲೇ ನಿಂತಿದ್ನಲ್ಲೋ. ಅವನು ಅವನ ಹೆಸರು ಹೇಳಲೇ ಇಲ್ಲ. ಸಾಫ್ತಾಳ ಹೆಸರು ಹೇಳಿದ."

ಒಲೆಯ ಹತ್ತಿರವಿದ್ದ ರೋದಿಕ ಬಂದು ಹೊಸ ಮಂಚದ ಅಂಚಿನಲ್ಲಿ ಕೂತಳು. ಕಾಲು ಸಲೀಸಾಗಿ ನೆಲಕ್ಕೆ ತಾಗಿತು. "ಅಮ್ಮನ ಅಳತೆ ಅಪ್ಪಾ," ಎಂದಳು. "ಏಳೋಕೆ ಕಷ್ಟ ಆಗಬಾರ್ದು ಅಂತ ತಗ್ಗು ಮಾಡಿದಾರೆ." ಆಮೇಲೆ ತಲೆವಸ್ತ್ರವನ್ನು ಬಾಯಿಗೆ ಒತ್ತಿಕೊಂಡಳು.

ಅಂದಿನಿಂದ ಹೊಸದರಲ್ಲೇ ಮಲಗುತ್ತಿದ್ದೇನೆ. ಬೆನ್ನು ನೋಯುವುದಿಲ್ಲ, ಅದಕ್ಕೇ ನಾಚಿಕೆಯಾಗುತ್ತದೆ. ಆದರೆ ತನ್ನ ಊಟದಲ್ಲಿ ತನಗೇ ತಟ್ಟೆ ಇಟ್ಟುಕೊಳ್ಳದೆ ಎದ್ದುಹೋದವನನ್ನು ಹಾಗೇ ಬಿಡುವುದು ಹೇಗೆ? ಊರಿಗೆ ಹೊಸದಾಗಿ ಬಂದ ಅಂಚೆಯವನೂ ಅವನ ಹೆಂಡತಿಯೂ ನೆಲದ ಮೇಲೆ ಮಲಗುತ್ತಾರಂತೆ. ಭಾನುವಾರ ನಮ್ಮ ಹಳೆಯ ಮಂಚವನ್ನು ಗ್ರಿಗೋರೆಯ ಹೆಸರು ಹೇಳಿ ಅವರಿಗೆ ಕೊಡುತ್ತೇನೆ. ಅದು ಉದ್ದವಾಗಿದೆ, ಅವನು ಕಾಲು ಚಾಚಬಹುದು.

ನಿನ್ನ ಮಂಡಿಗೆ ಬಲ ಬರಲಿ, ಸೊಸೆ ಮೊಮ್ಮಕ್ಕಳು ನಿನ್ನ ಮಾತಿಗೆ ನಗುತ್ತಿರಲಿ. ದೇವರು ನಿನ್ನನ್ನು ನನಗಿಂತ ಹಿಂದೆ ಉಳಿಸಲಿ. ನನ್ನ ಹೆಸರು ಗಟ್ಟಿಯಾಗಿ ಹೇಳಲು ಒಬ್ಬರಾದರೂ ಬೇಕು.

ಯುವರ್ ಫೇತ್‌ಫುಲ್ ಫ್ರೆಂಡ್,
ಇಲಾರಿಯೆ

ತಾ.ಕ.: ಇಂದು ಸೋಮವಾರ. ಈ ಕಾಗದವನ್ನು ಅಂಚೆಗೆ ಹಾಕದೆ ಇಟ್ಟುಕೊಂಡಿದ್ದೆ. ನಿನ್ನೆ ಮಂಚ ಕೊಟ್ಟೆವು. ಹೆಸರನ್ನು ಬೀದಿಗೆ ಕೇಳುವಂತೆ ಹೇಳಿದೆ. ಅಂಚೆಯವನ ಹೆಂಡತಿ ಸಾಫ್ತಾಳ ಮಗ್ಗುಲಿಗೇ ಹೋಗಿ ಕೂತಳು. ನಾನು ಗೋಡೆ ನೋಡಿದೆ. ಮಂಚ ಕೊಟ್ಟೆ, ಹಾಸಿಗೆ ಕೊಟ್ಟೆ, ಹೊದಿಕೆ ಕೊಟ್ಟೆ. ಅವಳ ದಿಂಬನ್ನು ಮಾತ್ರ ಕೊಡಲಾಗಲಿಲ್ಲ, ಎಮಿಲ್. ಗ್ರಿಗೋರೆ ಏನೂ ಅಂದುಕೊಳ್ಳುವುದಿಲ್ಲ. ಅಲ್ಲಿ ಹುಲ್ಲೋ ಗರಿಯೋ ಏನು ಸಿಕ್ಕರೂ ತುಂಬಿ ಅವನೇ ಒಂದು ಹೊಲಿದುಕೊಂಡಿರುತ್ತಾನೆ. ಅವಳಿಗೂ ಒಂದು.